ಯಾರೂ ಬರೆಯದ ಮಾತುಗಳು

ಪರದೆಯ ಮೇಲೆ ಹಸಿರು ಚೌಕವೊಂದು ಮಿಣುಕುತ್ತಿತ್ತು. ಅದರ ಮೇಲಿದ್ದ ಸಾಲನ್ನು ಪಂಚಾಕ್ಷರಯ್ಯ ಮತ್ತೆ ಓದಿದ. ಅಕ್ಷರ ಇಂಗ್ಲಿಷಿನವು, ಮಾತು ಕನ್ನಡದ್ದು.

‘ಆವಕ ಬೇಲು ಕೂಲಿ ತೇವ ಶ್ರೀ ಆವಕ ಬೇಲು ಕೂಲಿ ತೇವ ಮೂಕಪ್ಪನ್ನ ಕೊಂದಾಂವ ನಾನ ಸೇತುಮಾಧವ.’

ಕಾವಲುಗಾರ ಮೂಕಪ್ಪ ನಿನ್ನೆ ಮಧ್ಯಾಹ್ನ ಈ ಹತ್ತಿ ಮಿಲ್ಲಿನಲ್ಲಿ ಬೇಲು ಒತ್ತುವ ಪ್ರೆಸ್ ಮನೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಈ ಸಾಲು ಕಂಪ್ಯೂಟರ್ ನಡೆಸುವ ಸೇತುಮಾಧವನ ಪರದೆಯ ಮೇಲೆ ಸಿಕ್ಕಿತ್ತು. ಸೇತುಮಾಧವ ಈಗ ಆದೋನಿ ಠಾಣೆಯ ಲಾಕಪ್ಪಿನಲ್ಲಿದ್ದ.

ಇನ್ಸ್‌ಪೆಕ್ಟರ್ ನರಸಣ್ಣ ಬಾಗಿಲಿಗೆ ಒರಗಿ ನಿಂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಅವನ ಮಟ್ಟಿಗೆ ಕೇಸು ಮುಗಿದಿತ್ತು. ಆವಕ ಅಂದರೆ ಮಿಲ್ಲಿಗೆ ಬಂದ ಹತ್ತಿ, ಬೇಲು ಅಂದರೆ ಒತ್ತಿ ಬಿಗಿದ ಹತ್ತಿಯ ಮೂಟೆ, ತೇವ ಅಂದರೆ ಅದರೊಳಗಿನ ಹಸಿ. ಯಾರೋ ನೀರು ಚಿಮುಕಿಸಿದ ಹತ್ತಿ ಒಳಗೆ ಬಿಟ್ಟಿದ್ದಾರೆ, ಬೇಲು ಕೆಟ್ಟಿವೆ, ಕೂಲಿಯವರ ನಡುವೆ ಮಾತೆದ್ದಿದೆ, ಗೇಟಿನಲ್ಲಿ ಕೂತ ಮೂಕಪ್ಪ ಎಲ್ಲವನ್ನೂ ಕಂಡಿದ್ದಾನೆ. ಇದರಲ್ಲಿ ಪಾಲಿದ್ದ ಸೇತು ಅವನ ಬಾಯಿ ಮುಚ್ಚಿಸಲು ಬೇಲು ಬಿಗಿಯುವ ಕಬ್ಬಿಣದ ಪಟ್ಟಿಯನ್ನೇ ಕುತ್ತಿಗೆಗೆ ಬಿಗಿದಿದ್ದಾನೆ. ಸಾಕ್ಷಿ ಸಾಲಿನಲ್ಲೇ ಇದೆ.

"ಕಾರಣಾನೂ ಅವನೇ ಬರೆದಿಟ್ಟಾನ್ರಿ, ಒಂದಲ್ಲ, ಎರಡು ಸಲ," ಎಂದ ನರಸಣ್ಣ. "ಇಂಕೇಂ ಕಾವಾಲಿ? ಇನ್ನೇನು ಬೇಕು?"

ಮಧ್ಯಾಹ್ನಕ್ಕೆ ಸೇತುವನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಿತ್ತು. ಅಷ್ಟರೊಳಗೆ ಏನಾದರೂ ಸಿಕ್ಕರೆ ಹೇಳಿ, ಸಿಗದಿದ್ದರೆ ಊಟ ಮಾಡಿ ದೇವನಕೊಂಡದ ಬಸ್ಸು ಹಿಡಿಯಿರಿ ಎಂದು ಹೇಳಿ ನರಸಣ್ಣ ಜೀಪು ಹತ್ತಿ ಹೋದ.

ಪಂಚಾಕ್ಷರಯ್ಯ ಪರದೆಯ ಮುಂದೆಯೇ ಕೂತ.

ಟೈಪು ಮಾಡಿದ ಸುಳ್ಳು ಕಾಗದಗಳನ್ನು ಕೋರ್ಟುಗಳಿಗಾಗಿ ಪರೀಕ್ಷಿಸುತ್ತ ಅವನ ಅರ್ಧ ಆಯುಷ್ಯ ಕಳೆದಿತ್ತು. ಬಾಲ ಸವೆದ ‘ವೈ’, ಸಾಲಿನಿಂದ ಕೆಳಗೆ ಜಾರಿದ ‘ಎ’, ಬಲಕ್ಕೆ ವಾಲಿದ ‘ಎಂ’. ಟೈಪ್‌ರೈಟರುಗಳಿಗೂ ಮನುಷ್ಯರ ಹಾಗೆ ಕುಂಟು, ತೊದಲು ಇರುತ್ತವೆ. ಭೂತಗನ್ನಡಿ ಹಿಡಿದು ಕೂತರೆ ಅವು ತಾವಾಗಿಯೇ ಬಾಯಿ ಬಿಡುತ್ತಿದ್ದವು. ಈ ಪರದೆಯ ಅಕ್ಷರಗಳಿಗೆ ಕುಂಟಿಲ್ಲ. ಕೊಲೆಗಾರ ಹೊಡೆದರೂ, ದೇವರು ಹೊಡೆದರೂ ‘ಎ’ ಒಂದೇ ‘ಎ’. ಓದು ಬಾರದವನ ಮುಂದೆ ಕಾಗದ ಹಿಡಿದರೆ ಅವನಿಗೆ ಹೇಗಾಗುತ್ತದೆಂದು ಇವತ್ತು ಅವನಿಗೆ ಗೊತ್ತಾಗುತ್ತಿತ್ತು.

ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅಂಬೂಬಾಯಿ ಕೂತಿದ್ದಳು. ಸೇತುವಿನ ತಂಗಿ. ತಾಯಿ ತಂದೆ ಹೋದ ಮೇಲೆ ಅಣ್ಣ ತಂಗಿ ಇಬ್ಬರೇ ನಂದವರಂ ಬಿಟ್ಟು ಬಂದು ಇಲ್ಲಿ ಮನೆ ಮಾಡಿದ್ದರು. ಅಣ್ಣ ಕೊಲೆಗಾರನಲ್ಲವೆಂದು ತೋರಿಸಿಕೊಡಿ ಎಂದು ಬೆಳಿಗ್ಗೆ ದೇವನಕೊಂಡದಲ್ಲಿ ಪಂಚಾಕ್ಷರಯ್ಯನ ಮನೆ ಬಾಗಿಲು ತಟ್ಟಿದವಳು ಅವಳೇ. ದಾರಿಯಲ್ಲಿ ಅವಳು ಒಂದೇ ಒಂದು ಮಾತು ಹೇಳಿದ್ದಳು.

"ಸಾವಿನ ಸುದ್ದಿ ಬರಿಯೋ ಕಾಗದಕ್ಕ ನಮ್ಮಲ್ಲಿ ಶ್ರೀ ಹಾಕೂದಿಲ್ರಿ. ಅಣ್ಣ ಅಷ್ಟೂ ತಿಳೀದಾಂವ ಅಲ್ಲ."

ಈ ಮಾತನ್ನು ಅವಳು ನರಸಣ್ಣನಿಗೂ ಹೇಳಿದ್ದಳಂತೆ. ಕೊಲ್ಲುವವನು ಪಂಚಾಂಗ ನೋಡಿ ಬರೆಯುತ್ತಾನೇನಮ್ಮ ಎಂದು ಅವನು ನಕ್ಕಿದ್ದನಂತೆ.

ಕೋಣೆಯಲ್ಲಿ ಇನ್ನೊಂದು ಪರದೆಯಿತ್ತು. ಅದರ ಮುಂದೆ ಜಯಾಬಾಯಿ ಕೂತಿದ್ದಳು. ಹೈದರಾಬಾದಿನಲ್ಲಿ ಈ ಯಂತ್ರಗಳನ್ನು ನಡೆಸುವ ಯೂನಿಕ್ಸ್ ಕಲಿತು ಬಂದವಳು, ಮಾಧವರಂ ಊರಿನ ಹುಡುಗಿ. ಎರಡು ದಿನ ರಜೆಯಲ್ಲಿದ್ದು ಇವತ್ತು ಬೆಳಿಗ್ಗೆ ಬಂದಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಅತ್ತದ್ದಕ್ಕೋ, ಗಾಳಿಯಲ್ಲಿ ತೇಲುವ ಹತ್ತಿಯ ಎಳೆಗಳಿಗೋ ಹೇಳುವುದು ಕಷ್ಟ. ಪಂಚಾಕ್ಷರಯ್ಯ ಸೇತುವಿನ ಪರದೆಯನ್ನೇ ದಿಟ್ಟಿಸುವುದನ್ನು ಅವಳು ಬಹಳ ಹೊತ್ತಿನಿಂದ ನೋಡುತ್ತಿದ್ದಳು.

"ಎಷ್ಟ ನೋಡಿದ್ರೂ ಅದು ಕಣ್ಣು ಮಿಟುಕಿಸೂದು ಬಿಡೂದಿಲ್ರಿ," ಎಂದಳು. "ಏನ್ ಬೇಕು ಕೇಳ್ರಿ."

ಒಬ್ಬ ಮನುಷ್ಯ ಈ ಯಂತ್ರದಲ್ಲಿ ಒಂದು ಸಾಲು ಬರೆಯಬೇಕಾದರೆ ಹೇಗೆ ಬರೆಯುತ್ತಾನೆ ಎಂದು ಅವನು ಕೇಳಿದ. ಅವಳು ಮಾಡಿ ತೋರಿಸಿದಳು. ಯಂತ್ರ ಅಪ್ಪಣೆ ಕೇಳಲು ತಯಾರಿದ್ದಾಗ ಒಂದು ಡಾಲರ್ ಗುರುತು ತೋರಿಸಿ ಕಾಯುತ್ತದೆ. ಅದರ ಮುಂದೆ ಅವಳು ‘ಮೂಕಪ್ಪ’ ಎಂದಷ್ಟೇ ಹೊಡೆದು ಎಂಟರ್ ಒತ್ತಿದಳು. ಅಂಥದ್ದು ಸಿಗಲಿಲ್ಲ ಎಂದು ಯಂತ್ರ ಗೊಣಗಿ, ಕೆಳಗೆ ಮತ್ತೊಂದು ಡಾಲರ್ ಹಾಕಿ ಕೂತಿತು.

"ಇದಕ್ಕ ಬರೀ ಮಾತು ತಿಳಿಯೂದಿಲ್ಲ. ಅಪ್ಪಣೆ ಬೇಕು. ಇದಕ್ಕೊಂದು ಅಪ್ಪಣೆ ಐತಿ, ಎಕೋ ಅಂತ. ಎಕೋ ಅಂತ ಹೊಡದು ಮುಂದ ಏನ್ ಬರದ್ರೂ ಅದನ್ನ ಹಂಗ ಹೇಳತೈತಿ."

‘ಎಕೋ ಮೂಕಪ್ಪ’ ಎಂದು ಹೊಡೆದಳು. ಕೆಳಗಿನ ಸಾಲಿನಲ್ಲಿ ‘ಮೂಕಪ್ಪ’ ಎಂದು ಬಂತು. ಅದರ ಕೆಳಗೆ ಡಾಲರ್. ಗುಡಿಯ ಬಾವಿಗೆ ಬಗ್ಗಿ ಹೆಸರು ಕೂಗಿದಂತೆ, ಎಂದುಕೊಂಡ ಪಂಚಾಕ್ಷರಯ್ಯ. ಸತ್ತವನ ಹೆಸರು ಅಷ್ಟು ಚೊಕ್ಕಟವಾಗಿ ತಿರುಗಿ ಬಂದಿತ್ತು.

ಆಮೇಲೆ ಅವನು ಸೇತುವಿನ ಪರದೆಯತ್ತ ತಿರುಗಿದ. ಅಲ್ಲಿ ಡಾಲರ್ ಗುರುತಿನ ಪಕ್ಕದಲ್ಲೇ ಸಾಲು ಶುರುವಾಗಿತ್ತು. ಎಕೋ ಎಂಬ ಮಾತು ಇರಲಿಲ್ಲ. ಸೇತು ಬರಿಯ ಮಾತನ್ನು ಹೊಡೆದಿದ್ದರೆ ಯಂತ್ರ ಗೊಣಗಬೇಕಿತ್ತು, ಗೊಣಗಿರಲಿಲ್ಲ. ಅಪ್ಪಣೆ ಮುಗಿದಿದ್ದರೆ ಕೆಳಗೆ ಹೊಸ ಡಾಲರ್ ಇರಬೇಕಿತ್ತು. ಖಾಲಿ ಸಾಲಿನಲ್ಲಿ ಹಸಿರು ಚೌಕ ಒಂದೇ ಮಿಣುಕುತ್ತಿತ್ತು.

"ಉತ್ತರ ಐತಿ," ಎಂದ ನಿಧಾನವಾಗಿ. "ಪ್ರಶ್ನೆ ಎಲ್ಲೈತಿ?"

ಜಯಾಬಾಯಿ ಕುರ್ಚಿ ಬಿಟ್ಟು ಎದ್ದು ಬಂದಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಒಂದು ಪರದೆಯಿಂದ ಇನ್ನೊಂದು ಪರದೆಗೆ ಮಾತು ಕಳಿಸಬಹುದು ಎಂದು ತಡೆತಡೆದು ಹೇಳಿದಳು. ಎಕೋ ಹೇಳುವ ಮಾತು ಸಾಮಾನ್ಯವಾಗಿ ನಮ್ಮ ಪರದೆಗೇ ಬೀಳುತ್ತದೆ. ಸಾಲಿನ ಕೊನೆಗೆ ಒಂದು ಬಾಣ ಹಾಕಿ ಬೇರೆ ಪರದೆಯ ಹೆಸರು ಬರೆದರೆ ಅಲ್ಲಿ ಹೋಗಿ ಬೀಳುತ್ತದೆ. ಆಗ ಅಪ್ಪಣೆ ಇಲ್ಲಿ ಉಳಿಯುತ್ತದೆ, ಮಾತು ಮಾತ್ರ ಅಲ್ಲಿ. ಇದನ್ನು ಆಫೀಸಿನವರಿಗೆಲ್ಲ ಕಲಿಸಿದವನು ಸೇತುವೇ. ಚಹಾ ಬಂತು, ಊಟಕ್ಕೆ ಏಳು ಎಂದು ಒಬ್ಬರಿಗೊಬ್ಬರು ಕಳಿಸುತ್ತಿದ್ದರಂತೆ.

ಹಾಗಾದರೆ ಬರೆದ ಕೈ ಬೇರೆ ಕೋಣೆಯಲ್ಲಿತ್ತು. ಆದರೆ ಯಾವ ಕೋಣೆ? ಮಿಲ್ಲಿನಲ್ಲಿ ಇನ್ನೂ ಪರದೆಗಳಿದ್ದವು. ಸಾಹುಕಾರ ಗುರುಪಾದಯ್ಯನವರ ಕೋಣೆಯಲ್ಲಿ, ತೂಕದ ಮನೆಯಲ್ಲಿ, ಹೆಡ್ ಗುಮಾಸ್ತರ ಕೋಣೆಯಲ್ಲಿ. ಯಾರೋ ಅಂತಷ್ಟೇ ಹೇಳಿದರೆ ನರಸಣ್ಣ ನಗುತ್ತಾನೆ.

ಪಂಚಾಕ್ಷರಯ್ಯ ಮತ್ತೆ ಸಾಲಿಗೆ ಬಂದ. ಈ ಸಲ ಅರ್ಥ ಬಿಟ್ಟು ಬರಿಯ ಅಕ್ಷರ ನೋಡಿದ. ಆವಕ, ಬೇಲು, ಕೂಲಿ, ತೇವ. ಇಂಗ್ಲಿಷಿನಲ್ಲಿ ಎ, ಬಿ, ಕೆ, ಟಿ. ಶಾಲೆಯ ಹಾಜರಿಯಲ್ಲಿ ಕೂಗುವ ಕ್ರಮ. ಶ್ರೀ ಆದ ಮೇಲೆ ಮತ್ತೆ ಅದೇ ಕ್ರಮ. ಕೊಲೆ ಮಾಡಿ ಬಂದು ತನ್ನ ಸಿಟ್ಟನ್ನು ಬರೆಯುವ ಮನುಷ್ಯ ಅಕ್ಷರಮಾಲೆಯ ಪ್ರಕಾರ ಸಿಟ್ಟಾಗುತ್ತಾನೆಯೇ?

ನಡುವೆ ಶ್ರೀ. ಎಡಕ್ಕೆ ಇದ್ದದ್ದೇ ಬಲಕ್ಕೆ. ಬಾಗಿಲ ಎರಡು ಕಡೆ ಬಾಳೆಕಂಬ ಕಟ್ಟಿದ ಹಾಗೆ.

ಅವನ ಬೆನ್ನು ನೆಟ್ಟಗಾಯಿತು. ಆದೋನಿ ಕಡೆಯ ಟೈಪು ಕಾಗದಗಳು ಅವನ ಕೈಯಲ್ಲಿ ಎಷ್ಟು ಹಾದುಹೋಗಿಲ್ಲ! ಗೇಟ್ ಪಾಸು, ಅರ್ಜಿ, ಮದುವೆಯ ಆಹ್ವಾನ, ಎಲ್ಲದರ ನೆತ್ತಿಯ ಮೇಲೂ ಶ್ರೀ. ಕೈಯಲ್ಲಿ ಬರೆಯುವಾಗ ಅದರ ಎರಡು ಪಕ್ಕ ಎರಡೆರಡು ಗೆರೆ ಎಳೆಯುತ್ತಾರೆ. ಟೈಪ್‌ರೈಟರಿನಲ್ಲಿ ಆ ಗೆರೆ ಇಲ್ಲವೆಂದು ಇಲ್ಲಿಯ ಹಳೆಯ ಟೈಪಿಸ್ಟರು ಆ ಜಾಗದಲ್ಲಿ ಚುಕ್ಕಿ ಹೊಡೆಯುತ್ತಿದ್ದರು. ನಕ್ಷತ್ರದ ಚುಕ್ಕಿ. ಶ್ರೀಯ ಈ ಕಡೆ ಒಂದು, ಆ ಕಡೆ ಒಂದು.

"ಎಕೋ ಅಂತ ಹೊಡೀರಿ," ಎಂದ. "ಮುಂದ ಚುಕ್ಕಿ, ಶ್ರೀ, ಚುಕ್ಕಿ."

ಜಯಾಬಾಯಿ ಹೊಡೆದಳು. ಎಂಟರ್ ಒತ್ತಿದಳು.

‘ಹಾಜರಿ ಪಾಳಿ ಶ್ರೀ ಹಾಜರಿ ಪಾಳಿ.’

ಹಾಜರಿ, ಪಾಳಿ ಎಂದು ಅವಳು ಹೊಡೆದಿರಲೇ ಇಲ್ಲ. ಅವಳ ಬೆರಳುಗಳನ್ನು ಅವನು ನೋಡುತ್ತಲೇ ಇದ್ದ.

ಆಮೇಲೆ ಜಯಾಬಾಯಿ ಹಣೆ ಬಡಿದುಕೊಂಡಳು. ಕಲಿಸಿದ್ದರು, ಮರೆತಿದ್ದೆ ಎಂದಳು. ಈ ಯಂತ್ರಕ್ಕೆ ಚುಕ್ಕಿ ಅಲಂಕಾರವಲ್ಲ. ಚುಕ್ಕಿ ಅಂದರೆ ‘ಇಲ್ಲಿರುವುದೆಲ್ಲ’. ಎಕೋಗೆ ಮಾತು ತಲುಪುವ ಮುಂಚೆಯೇ ಯಂತ್ರ ಚುಕ್ಕಿಯನ್ನು ಬಿಚ್ಚುತ್ತದೆ. ಹೊಡೆಯುವವರು ಯಾರ ಜಾಗದಲ್ಲಿ ಕೂತಿದ್ದಾರೋ ಅವರ ಫೈಲುಗಳ ಹೆಸರನ್ನೆಲ್ಲ ಅಕ್ಷರದ ಕ್ರಮದಲ್ಲಿ ಅಲ್ಲಿ ಸುರಿಯುತ್ತದೆ. ಹಾಜರಿ, ಪಾಳಿ ಅವಳ ಫೈಲುಗಳು. ಅವಳ ಜಾಗದಲ್ಲಿ ಅಷ್ಟೇ ಇರುವುದು.

ನರಸಣ್ಣ ಒಬ್ಬ ಮನುಷ್ಯನ ಕೊಲೆಗೆ ಕಟ್ಟಿದ ಕಾರಣ ಪೂರ್ತಿ ಯಾರೂ ಬರೆಯದ ಮಾತುಗಳಿಂದ ಕಟ್ಟಿದ್ದಾಗಿತ್ತು. ಎರಡು ಚುಕ್ಕಿ ಬಿಚ್ಚಿಕೊಂಡಿದ್ದವು, ಅಷ್ಟೇ. ಪಂಚಾಕ್ಷರಯ್ಯನಿಗೆ ಗೆದ್ದೆ ಅನ್ನಿಸಬೇಕಿತ್ತು. ಬದಲಿಗೆ ಹೆದರಿಕೆಯಾಯಿತು. ತಾನು ನೋಡಿದ ಕಾಗದಗಳಲ್ಲಿ, ಯಾರನ್ನೋ ಜೈಲಿಗೆ ಕಳಿಸಿದ ಸಾಲುಗಳಲ್ಲಿ, ಬರೆದವನಿಗೇ ಗೊತ್ತಿಲ್ಲದ ಮಾತು ಎಷ್ಟಿದ್ದವೋ.

"ಆವಕ, ಬೇಲು, ಕೂಲಿ, ತೇವ," ಎಂದ. "ಇವು ಯಾರ ಫೈಲು?"

ಜಯಾಬಾಯಿ ಪಡಸಾಲೆಯ ಕಡೆ ನೋಡಿದಳು, ಅವನ ಕಡೆ ನೋಡಲಿಲ್ಲ.

"ರಾಘಣ್ಣ ಕಾಕಾಂದು," ಎಂದಳು.

ಹೆಡ್ ಗುಮಾಸ್ತ ರಾಘಣ್ಣ ಪಡಸಾಲೆಯ ಕೊನೆಯ ಕೋಣೆಯಲ್ಲಿ ಕೂರುತ್ತಿದ್ದರು. ಹಣೆಯಲ್ಲಿ ಅಂಗಾರ, ಅಕ್ಷತೆ. ಕೆನ್ನೆಯಲ್ಲಿ ಗೋಪಿಚಂದನದ ಮುದ್ರೆ. ಆಯುಧ ಪೂಜೆಯ ಕುಂಕುಮ ಅವರ ಪರದೆಯ ತಲೆಯ ಮೇಲೆ ಒಣಗಿ ಅಂಟಿಕೊಂಡಿತ್ತು. ಅವರು ಸೇತುವಿನ ತಂದೆಯ ಗೆಳೆಯರು. ಅವನಿಗೆ ಕೆಲಸ ಕೊಡಿಸಿದವರೂ ಅವರೇ. ನಿನ್ನೆಯಿಂದ ಅವರು ಯಾರೊಡನೆಯೂ ಮಾತಾಡಿಲ್ಲವಂತೆ ಎಂದು ಜಯಾಬಾಯಿ ಬರುತ್ತ ಹೇಳಿದ್ದಳು.

ಪಂಚಾಕ್ಷರಯ್ಯ ಕುಳಿತುಕೊಳ್ಳಲಿಲ್ಲ. ಯಂತ್ರದಲ್ಲಿ ಒಂದು ಸಾಲು ಹೊಡೆದು ತೋರಿಸಬೇಕೆಂದು ಕೇಳಿಕೊಂಡ. ಏನು ಹೊಡೆಯಲಿ ಎಂದು ರಾಘಣ್ಣ ಕೇಳಿದರು. ಏನಾದರೂ ಸರಿ, ನಿಮ್ಮ ಹೆಸರನ್ನೇ ಹೊಡೆಯಿರಿ ಎಂದ.

ಮುದುಕರ ಬೆರಳು ಎಕೋ ಎಂದು ಹೊಡೆಯಿತು. ಆಮೇಲೆ, ಅವರಿಗೇ ಅರಿವಿಲ್ಲದೆ, ಚುಕ್ಕಿಯ ಮೇಲೆ ಹೋಗಿ ನಿಂತಿತು. ಶ್ರೀ ಹೊಡೆಯಿತು. ಮತ್ತೆ ಚುಕ್ಕಿ. ಆಮೇಲೆ ರಾಘಣ್ಣ ಎಂದು ಹೊಡೆದು ಎಂಟರ್ ಒತ್ತಿದರು.

‘ಆವಕ ಬೇಲು ಕೂಲಿ ತೇವ ಶ್ರೀ ಆವಕ ಬೇಲು ಕೂಲಿ ತೇವ ರಾಘಣ್ಣ.’

ರಾಘಣ್ಣ ಅದನ್ನು ಓದಿದರು. ಉತ್ತರೀಯದ ತುದಿಯಿಂದ ಪರದೆ ಒರೆಸಿ ಮತ್ತೆ ಓದಿದರು. ಅವರ ಮುಖದಲ್ಲಿ ಪಂಚಾಕ್ಷರಯ್ಯ ಹುಡುಕುತ್ತಿದ್ದ ಅಪರಾಧಿಯ ಗಾಬರಿ ಕಾಣಲಿಲ್ಲ. ಕನ್ನಡಿಯಲ್ಲಿ ಬೇರೆಯವರ ಮುಖ ಕಂಡವರ ಹಾಗಿದ್ದರು.

"ಹಂಗಾದ್ರ ಅದು ನಂದೇ ಸಾಲೇನು?" ಎಂದರು.

ಪಂಚಾಕ್ಷರಯ್ಯ ಸುಮ್ಮನೆ ನಿಂತ. ಸುಮ್ಮನೆ ನಿಂತರೆ ಜನ ಮಾತಾಡುತ್ತಾರೆಂಬುದು ಅವನಿಗೆ ಕಾಗದಗಳಿಂದ ಅಲ್ಲ, ಮನುಷ್ಯರಿಂದ ಗೊತ್ತಿತ್ತು.

ರಾಘಣ್ಣ ಹೇಳಿದರು. ಮೊನ್ನೆ ಮಧ್ಯಾಹ್ನ ಗೇಟಿನ ಹತ್ತಿರದ ಹಾಸುಗಲ್ಲಿನ ಮೇಲೆ ಸೇತುವೂ ಮೂಕಪ್ಪನೂ ಹುಲಿ-ಕುರಿ ಆಟ ಆಡಿದ್ದರು. ದಿನಾ ಆಡುತ್ತಿದ್ದರು. ಅವತ್ತು ಸೇತುವಿನ ಹುಲಿ ಮೂಕಪ್ಪನ ಕುರಿಗಳನ್ನೆಲ್ಲ ಕೊಂದಿತ್ತು. ಸಂಜೆ ಚಹಾ ತಂದ ಮೂಕಪ್ಪ ಇದೇ ಮೇಜಿಗೆ ಒರಗಿ ದೂರು ಹೇಳಿದ್ದ. ನನ್ನ ಕುರಿ ಅಲ್ಲ, ನನ್ನನ್ನೇ ಕೊಂದ ಅಂತ ಅವನ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಬರೆಯಿರಿ, ನೋಡಿ ಹೆದರಲಿ ಎಂದಿದ್ದ. ಯಾರ ಹೆಸರಿನಲ್ಲಿ ಬರೆಯಲಿ ಎಂದು ಕೇಳಿದರೆ, ಅವನ ಹೆಸರಿನಲ್ಲೇ ಎಂದು ಹಲ್ಲು ಕಿಸಿದಿದ್ದ. ರಾಘಣ್ಣ ಬರೆದು ಕಳಿಸಿದರು. ಕಳಿಸಿದ ಸಾಲು ಆ ಕಡೆ ಹೇಗೆ ಬಿತ್ತೆಂದು ಅವರು ನೋಡಿರಲೇ ಇಲ್ಲ. ನಿನ್ನೆ ಪೊಲೀಸರು ಓದಿ ಹೇಳಿದಾಗ ಅದರಲ್ಲಿ ಆವಕ, ಬೇಲು ಎಲ್ಲ ಇದ್ದವು. ಇದು ತನ್ನದಲ್ಲ, ಯಾರೋ ಬೇರೆ ಬರೆದದ್ದು ಎಂದುಕೊಂಡರು. ಹಾಗೆ ಅಂದುಕೊಳ್ಳುವುದು ಅವರಿಗೆ ಬೇಕಾಗಿತ್ತು.

"ನಾ ಅದನ್ನ ಕಳಿಸಿದಾಗ ಮೂಕಪ್ಪ ಇಲ್ಲೇ ನಿಂತಿದ್ದ," ಎಂದರು ರಾಘಣ್ಣ. "ನೀವು ನಿಂತೀರಲ್ಲ, ಅಲ್ಲೇ. ಹೊಟ್ಟಿ ಹಿಡಕೊಂಡು ನಗತಿದ್ದ."

ಬಾಗಿಲಲ್ಲಿ ನಿಂತಿದ್ದ ಜಯಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬರೆದವನು ಸೇತು ಅಲ್ಲ. ಬರೆದಾಗ ಕೊಲೆಯೇ ಆಗಿರಲಿಲ್ಲ. ರಾಘಣ್ಣ ಇದನ್ನೇ ನರಸಣ್ಣನ ಮುಂದೆ ಹೇಳಿದರೆ ಸಾಕು, ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ಪೊಲೀಸರ ಕೈ ಬರಿದಾಗಿರುತ್ತದೆ. ಈಗಲೇ ಠಾಣೆಗೆ ಹೋಗೋಣ, ಏಳಿ ಎಂದ ಪಂಚಾಕ್ಷರಯ್ಯ.

ರಾಘಣ್ಣ ಏಳಲಿಲ್ಲ.

"ಪೂರಾ ಕೇಳಿಲ್ಲ ನೀವು."

ಅವರ ದನಿ ಎಷ್ಟು ತಗ್ಗಿತ್ತೆಂದರೆ ಪಂಚಾಕ್ಷರಯ್ಯ ಬಗ್ಗಬೇಕಾಯಿತು.

"ಸಾಲು ಹೋದ ಮ್ಯಾಲ ಸೇತು ಇಲ್ಲಿಗೇ ಬಂದ. ಆ ಬಾಗಿಲದಾಗ ನಿಂತು ಮೂಕಪ್ಪಗ ಬೆರಳು ತೋರಿಸಿದ. ಆಗಲಿ ಮಗನ, ಬರದೀಯಲ್ಲ, ಇವತ್ತ ರಾತ್ರಿ ಬಂದು ಕೊಂದೇ ಬಿಡತೀನಿ ಅಂದ. ಮೂರೂ ಮಂದಿ ನಕ್ಕೀವಿ. ತೂಕದ ಮನಿ ತನಕ ಕೇಳಿರಬೇಕು, ಅಷ್ಟು ನಕ್ಕೀವಿ."

ಹೊರಗೆ ಹತ್ತಿ ಬಿಡಿಸುವ ಜಿನ್ನಿಂಗ್ ಯಂತ್ರಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಪಂಚಾಕ್ಷರಯ್ಯನಿಗೆ ಬೆಳಿಗ್ಗೆ ಇಲ್ಲಿಗೆ ಬರುವ ಮುಂಚೆ ಲಾಕಪ್ಪಿನಲ್ಲಿ ಕಂಡ ಸೇತುವಿನ ಮುಖ ನೆನಪಾಯಿತು. ಆ ಸಾಲನ್ನು ನಾನು ಬರೆದಿಲ್ಲ, ನೋಡಿಯೂ ಇಲ್ಲ, ಪೊಲೀಸರು ತೋರಿಸಿದಾಗಲೇ ಮೊದಲು ಕಂಡದ್ದು ಎಂದು ಅವನು ಕಂಬಿ ಹಿಡಿದು ಆಣೆ ಮಾಡಿದ್ದ. ನೋಡಿದ್ದ. ನೋಡಿ ಉತ್ತರವನ್ನೂ ಕೊಟ್ಟಿದ್ದ. ತಪ್ಪಿಲ್ಲದ ಮನುಷ್ಯ ಈ ಸುಳ್ಳನ್ನು ಯಾಕೆ ಹೇಳಬೇಕು?

"ಅದಕ್ಕ ಸುಮ್ಮನ ಕೂತೀನಿ," ಎಂದರು ರಾಘಣ್ಣ. "ಅರ್ಧ ಹೇಳಿದ್ರ ನಾ ಸುಳ್ಳ. ಪೂರಾ ಹೇಳಿದ್ರ ಅವನ ಕುತ್ತಿಗಿ."

ಪಂಚಾಕ್ಷರಯ್ಯ ಕಿಟಕಿಯ ಹತ್ತಿರ ಹೋಗಿ ನಿಂತ. ಅರ್ಧ ಸಾಕು ಎಂದು ಅವನ ಮನಸ್ಸು ಹೇಳುತ್ತಿತ್ತು. ಸಾಲು ಬೇರೆ ಕೋಣೆಯಿಂದ ಬಂತು, ತಮಾಷೆಗೆ ಬಂತು, ಮೂಕಪ್ಪ ಬದುಕಿದ್ದಾಗ ಬಂತು. ಅಲ್ಲಿಗೆ ನಿಲ್ಲಿಸಬೇಕು. ಕೋರ್ಟಿನ ಕಟಕಟೆಯಲ್ಲಿ ಅವನು ಇದುವರೆಗೆ ಅರ್ಧ ಹೇಳಿ ಇಳಿದವನಲ್ಲ. ಇವತ್ತು ಇಳಿಯಬಹುದು ಅನ್ನಿಸಿತು. ತಾನು ಸೇತುವಿನ ಜೊತೆ ಇನ್ನೊಂದ್ಸಲ ಮಾತಾಡುವವರೆಗೆ ಬಾಗಿಲ ಮಾತು ಈ ಕೋಣೆ ಬಿಟ್ಟು ಹೋಗಬಾರದು ಎಂದು ಇಬ್ಬರಿಗೂ ಹೇಳಿದ.

"ಚುಕ್ಕಿ ಬಿಚ್ಚಿದಾವರೂ ನೀವ," ಎಂದಳು ಜಯಾಬಾಯಿ. "ಈಗ ಬಾಯಿ ಕಟ್ಟಂತ ಹೇಳಾವರೂ ನೀವನೇನ್ರಿ?"

ಅವನು ಕಿಟಕಿಯಿಂದ ಹೊರಗೆ ನೋಡಿದ. ಅಂಗಳದಲ್ಲಿ ಜೀಪು ಬಂದು ನಿಂತ ಸದ್ದಾಗಿತ್ತು.

ಮೊದಲು ಬಂದವಳು ಅಂಬೂಬಾಯಿ. ಬೇವಿನ ಮರದಿಂದ ಪಡಸಾಲೆಯವರೆಗೆ ಓಡಿಯೇ ಬಂದಿದ್ದಳು, ಉಸಿರು ಸಿಗುತ್ತಿರಲಿಲ್ಲ. ಪಂಚಾಕ್ಷರಯ್ಯನ ಮುಖ ನೋಡುತ್ತ ನಿಂತಳು.

"ಆ ಸಾಲು ನಿಮ್ಮಣ್ಣ ಬರೆದದ್ದಲ್ಲ," ಎಂದ ಪಂಚಾಕ್ಷರಯ್ಯ. "ತೋರಿಸಿಕೊಡತೀನಿ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸದ್ದಿಲ್ಲದೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಬೆಳಿಗ್ಗೆಯಿಂದ ಮೊದಲ ಸಲ, ಸರಾಗವಾಗಿ ಮಾತಾಡತೊಡಗಿದಳು. ತನಗೆ ಗೊತ್ತೇ ಇತ್ತು ಎಂದಳು. ಮೊನ್ನೆ ಸಂಜೆ ಅಣ್ಣ ಮನೆಗೆ ಬಂದಾಗ ಎಷ್ಟು ಖುಷಿಯಾಗಿದ್ದನೆಂದರೆ ಊಟಕ್ಕೆ ಕೂತವನು ತನ್ನಷ್ಟಕ್ಕೆ ತಾನೇ ನಗುತ್ತಿದ್ದನಂತೆ. ಏನೋ ಎಂದು ಕೇಳಿದ್ದಕ್ಕೆ, ರಾಘಣ್ಣ ಕಾಕಾ ಮತ್ತು ಮೂಕಪ್ಪ ಸೇರಿ ತಮಾಷೆಗೆ ಒಂದು ಚ್ಯಾಷ್ಟಿ ಮಾಡಿದ್ದಾರೆ, ನಾನೂ ಸರಿಯಾಗಿ ಉತ್ತರ ಕೊಟ್ಟು ಬಂದಿದ್ದೇನೆ ಎಂದನಂತೆ. ಏನು ಚ್ಯಾಷ್ಟಿ ಎಂದು ಹೇಳಲೇ ಇಲ್ಲವಂತೆ.

"ಕೊಲ್ಲೋ ಮನಸಿದ್ದಾಂವ ಹಂಗ ನಗತಾನೇನ್ರಿ?" ಎಂದಳು. "ಅದನ್ನ ಇನ್ಸ್‌ಪೆಕ್ಟರಿಗೆ ಈಗ ಅಂಗಳದಾಗ ಹೇಳೇ ಬಂದೆ."

ಪಂಚಾಕ್ಷರಯ್ಯ ಬಾಗಿಲ ಕಡೆ ತಿರುಗಿದ.

ಪಡಸಾಲೆಯ ಕಲ್ಲಿನ ಮೇಲೆ ಬೂಟುಗಳು ಅವಸರವಿಲ್ಲದೆ ಬಂದವು. ನರಸಣ್ಣ ಒಳಗೆ ಬಂದ. ಟೋಪಿ ತೆಗೆದು ಮೇಜಿನ ಮೇಲಿಟ್ಟ. ಯಾರನ್ನೂ ನೋಡದೆ ಕುರ್ಚಿ ಎಳೆದುಕೊಂಡು ಮುದುಕರ ಎದುರಿಗೆ ಕೂತ. ಬೆಳಿಗ್ಗೆಯಿಂದ ಅವನ ಬಾಯಲ್ಲಿ ಕೇಳದ ಮೆತ್ತನೆಯ ದನಿ ಈಗ ಬಂತು.

"ರಾಘಣ್ಣಗಾರೂ, ಮೊನ್ನೆ ಸೇತುಗೆ ಏನ್ ಚ್ಯಾಷ್ಟಿ ಮಾಡಿದ್ರಿ? ಅವನು ಏನ್ ಉತ್ತರ ಕೊಟ್ಟ?"

ರಾಘಣ್ಣ ಪಂಚಾಕ್ಷರಯ್ಯನ ಕಡೆ ನೋಡಿದರು. ಪಂಚಾಕ್ಷರಯ್ಯ ಪರದೆಯ ಕಡೆ ನೋಡಿದ.

ಅಂಬೂಬಾಯಿ ಕಣ್ಣೀರಿನ ನಡುವೆಯೇ ಮುಗುಳ್ನಕ್ಕು, ಮಗುವಿಗೆ ಧೈರ್ಯ ಕೊಡುವವಳಂತೆ, ಮುದುಕರ ಹೆಗಲ ಮೇಲೆ ಕೈಯಿಟ್ಟಳು.

"ಹೇಳ್ರಿ ಕಾಕಾ," ಎಂದಳು.